ಸಾಹೇಬರು ನೋಡುವ ತನಕ

ಮಗನನ್ನು ಎಂಟನೆಯ ಕ್ಲಾಸಿಗೇ ಶಾಲೆ ಬಿಡಿಸಿ ಎತ್ತುಗಳ ಹಿಂದೆ ಅಟ್ಟಿದ ತುಕ್ರಪ್ಪ ಗೌಡರು, ತಲೆಯ ಕೂದಲು ಅರ್ಧ ಬೆಳ್ಳಗಾದ ಮೇಲೆ ತಾವೇ ಕ್ಲಾಸಿಗೆ ಹೊರಟರು. ಹೊರಟ ಚಂದವನ್ನು ನೋಡಬೇಕಿತ್ತು. ಒಗೆದ ಅಂಗಿ, ಹೆಗಲಿನಲ್ಲಿ ಮದುವೆಮನೆಗೆ ಹೋಗುವಾಗ ಹಾಕುವ ಶಾಲು, ಕಂಕುಳಲ್ಲಿ ಕೊಡೆ. ದೀಪಾವಳಿ ಕಳೆದು ಮಳೆಯ ಸುಳಿವೇ ಇಲ್ಲದ ಕಾಲದಲ್ಲಿ ಕೊಡೆ ಯಾಕೆ ಎಂದು ಕೇಳಿದರೆ, ಬರಿಗೈಯಲ್ಲಿ ಹೋದರೆ ಮರ್ಯಾದೆ ಇರುವುದಿಲ್ಲ ಎಂಬ ಉತ್ತರ.

"ಎಲ್ಲಿಗೆ ಅಪ್ಪ?" ದನದ ಹಟ್ಟಿಯಿಂದ ಗೊಬ್ಬರದ ಬುಟ್ಟಿ ಹೊತ್ತು ಬರುತ್ತಿದ್ದ ಕುಶಾಲಪ್ಪ ಕೇಳಿದ.

"ಕ್ಲಾಸಿಗೆ."

"ಎಂತದಕ್ಕೆ?"

"ಕ್ಲಾಸಿಗೆ ಮಾರಾಯ. ಕೈತೋಟದ ಕ್ಲಾಸು. ಬ್ಲಾಕು ಆಫೀಸಿನವರು ಮಾಡುವುದು. ಇನ್ನು ಪ್ರತಿ ಶನಿವಾರ ಉಂಟು. ನೀನು ಆ ಗೊಬ್ಬರ ಚೆಲ್ಲಿ ಎತ್ತುಗಳಿಗೆ ನೀರು ತೋರಿಸು."

ಕುಶಾಲಪ್ಪನ ತಲೆಯ ಮೇಲಿದ್ದ ಬುಟ್ಟಿ ಒಮ್ಮೆ ವಾಲಿತು. ಅವನನ್ನು ಶಾಲೆ ಬಿಡಿಸಿದ ದಿನ ಹೆಡ್ಮಾಸ್ತರರು ಮನೆಯವರೆಗೆ ಬಂದು, "ಹುಡುಗ ಓದುತ್ತಾನೆ ಗೌಡರೇ" ಎಂದಿದ್ದರು. "ಎಷ್ಟು ಬೇಕೋ ಅಷ್ಟು ಓದಿದ್ದಾನೆ ಮಾಸ್ಟ್ರೇ. ಇನ್ನೂ ಓದಿದರೆ ಕೆಸರಿಗೆ ಕಾಲು ಹಾಕುವುದಿಲ್ಲ" ಎಂದು ಇದೇ ಅಪ್ಪ ಬೆಲ್ಲ ನೀರು ಕೊಟ್ಟು ಕಳುಹಿಸಿದ್ದರು. ಆ ಮಾತು ಕುಶಾಲಪ್ಪನ ಗಂಟಲಿನಲ್ಲಿ ಮೀನಿನ ಮುಳ್ಳಿನ ಹಾಗೆ ಇವತ್ತಿಗೂ ಸಿಕ್ಕಿಕೊಂಡಿದೆ. ಈಗ ಅದೇ ಶಾಲೆಯ ಜಗಲಿಗೆ ಅಪ್ಪ ಹೊರಟಿದ್ದಾರೆ, ಬೆಂಡೆಕಾಯಿ ಕಲಿಯುವುದಕ್ಕೆ.

ತಪ್ಪು ಆದದ್ದು ಎಲ್ಲಿ ಎಂದರೆ, ಗ್ರಾಮಸೇವಕರು "ಮನೆಗೊಬ್ಬರು ಬನ್ನಿ" ಎಂದು ಹೇಳಿ ಕಳುಹಿಸಿದ್ದರಲ್ಲಿ. ದೈವದ ನೇಮದ ಮಾತುಕತೆಗೆ ಮನೆಗೊಬ್ಬರು, ಮದುವೆಯ ಹೇಳಿಕೆಗೆ ಮನೆಗೊಬ್ಬರು, ದಾರಿ ರಿಪೇರಿಗೆ ಮನೆಗೊಬ್ಬರು. ಈ ಊರಿನಲ್ಲಿ ಮನೆಗೊಬ್ಬರು ಎಂದರೆ ಮನೆಯ ಯಜಮಾನ. ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಶಾಲೆಯ ಜಗಲಿಯಲ್ಲಿ ಊರಿನ ಮೀಸೆಗಳೆಲ್ಲ ಎಲೆ ಅಡಿಕೆ ಜಗಿಯುತ್ತ ಸಾಲಾಗಿ ಕೂತವು. ಹುಟ್ಟಿದ ಮೇಲೆ ಒಂದು ಬಸಳೆಯ ಬುಡಕ್ಕೆ ಒಂದು ಚೆಂಬು ನೀರು ಹೊಯ್ದವರು ಅವರಲ್ಲಿ ಒಬ್ಬರೂ ಇರಲಿಲ್ಲ. ಗ್ರಾಮಸೇವಕ ಮಹಾಲಿಂಗೇಶ್ವರ ಭಟ್ಟರು ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಎಳೆಯ ಪ್ರಾಯದವರು. ಅತ್ತ ಇತ್ತ ನೋಡಿ, "ಹೆಂಗಸರು ಯಾರೂ ಬರಲಿಲ್ಲವಾ?" ಎಂದು ಕೇಳಿದರಂತೆ.

"ಅವರಿಗೆ ಕೆಲಸ ಉಂಟು ಸ್ವಾಮಿ" ಎಂದರಂತೆ ಪಕ್ಕದ ಮನೆಯ ರುಕ್ಮಯ್ಯ ಗೌಡರು.

ಅಪ್ಪ ಸಂಜೆ ಮನೆಗೆ ಬಂದು ಇದನ್ನು ನಗೆಯ ಮಾತು ಎಂಬಂತೆ ಹೇಳಿದರು. ಒಲೆಗೆ ಊದುತ್ತಿದ್ದ ಅಮ್ಮ ಸೇಸಮ್ಮ ನಗಲಿಲ್ಲ. "ಹೌದಲ್ಲ, ನಮಗೆ ಕೆಲಸ ಉಂಟು" ಎಂದಳು, ಅಷ್ಟೆ.

ಮುಂದಿನ ಶನಿವಾರ ಅಪ್ಪ ಬರುವಾಗಲೇ ಕಣ್ಣಿನಲ್ಲಿ ಬೇರೆ ಬೆಳಕು. ಅಂಗಳದಲ್ಲಿ ನಿಂತು ಮನೆಯ ಸುತ್ತ ಕಣ್ಣು ಹಾಯಿಸಿದರು. ಬಚ್ಚಲಿನ ನೀರು ಹೋಗುವಲ್ಲಿ ಅಮ್ಮನ ಬಸಳೆ ಚಪ್ಪರ. ಅದರ ಬದಿಗೆ ಹರಿವೆ, ಹಟ್ಟಿಯ ಗೋಡೆಗೆ ಹಬ್ಬಿದ ತೊಂಡೆ, ಕಲ್ಲಿನ ಸಂದಿಯಲ್ಲಿ ಎರಡು ಬದನೆ, ಒಂದು ಗಾಂಧಾರಿ ಮೆಣಸು.

"ಇದು ತೋಟವಾ?" ಎಂದರು ಅಪ್ಪ. "ಸಾಲು ಉಂಟಾ ಇದರಲ್ಲಿ? ಅಂತರ ಉಂಟಾ? ಕಾಡಿನ ಹಾಗೆ ಎಲ್ಲೆಂದರಲ್ಲಿ. ಭಟ್ಟರು ಹೇಳಿದ್ದಾರೆ, ಕೊಳಚೆ ನೀರು ನಿಂತರೆ ಸೊಳ್ಳೆ, ಸೊಳ್ಳೆಯಿಂದ ಜ್ವರ. ಕುಶಾಲ, ನಾಳೆ ಇದನ್ನೆಲ್ಲ ತೆಗೆ. ಕೆಳಗಿನ ಗದ್ದೆಯ ಹತ್ತಿರ ಹೊಸ ತೋಟ ಮಾಡುವ. ಮಾದರಿ ತೋಟ. ಯಾರ ತೋಟ ಚೆಂದ ಉಂಟೋ ಅವರಿಗೆ ಬ್ಲಾಕಿನ ಸಾಹೇಬರ ಕೈಯಿಂದ ಪ್ರೈಜು."

"ಬಸಳೆಗೆ ಕೈ ಹಾಕಿದರೆ ನೋಡಿ!" ಅಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ನಾನು ಮದುವೆಯಾಗಿ ಬಂದ ವರ್ಷ ನಟ್ಟದ್ದು ಅದರ ತಾಯಿಬಳ್ಳಿ. ಸಾಲಂತೆ! ಬಾಯಿಗೆ ಹೋಗುವಾಗ ಸಾಲಿನಲ್ಲಿ ಹೋಗುತ್ತದಾ?"

"ಕಲಿತವರು ಹೇಳಿದ್ದಕ್ಕೆ ಎದುರು ಮಾತಾಡಬೇಡ."

"ಕಲಿತವರ ಮಾತು ಅಷ್ಟು ರುಚಿಯಾದರೆ ಮಗನನ್ನು ಕಲಿಸಬಹುದಿತ್ತಲ್ಲ" ಎಂದು ಜಗಲಿಯ ಮೂಲೆಯಿಂದ ಅಜ್ಜಿ ಪೂವಮ್ಮ ಒಂದು ಬಾಣ ಬಿಟ್ಟಳು. ಅಜ್ಜಿಗೆ ಹಲ್ಲು ಇರಲಿಲ್ಲ, ನಾಲಗೆ ಇತ್ತು.

ಬಸಳೆ ಹೋಯಿತು, ತೊಂಡೆ ಹೋಯಿತು. ಕಿತ್ತವನು ಕುಶಾಲಪ್ಪನೇ. ಅಪ್ಪ ಹೇಳಿದ್ದಕ್ಕೆ ಅವನು ಬೈಯುತ್ತಿದ್ದ, ಬೈಯುತ್ತಲೇ ಮಾಡುತ್ತಿದ್ದ. ಕೆಳಗಿನ ಗದ್ದೆಯ ಬದಿಗೆ ಮಣ್ಣು ಅಗೆದ, ಸುಡುಮಣ್ಣು ಹೊತ್ತ, ಮುಳ್ಳು ಕಡಿದು ಬೇಲಿ ಹಾಕಿದ. ಅಪ್ಪ ದಂಡೆಯಲ್ಲಿ ಕೊಡೆ ಊರಿಕೊಂಡು ನಿಂತು ಹಗ್ಗ ಹಿಡಿದು ಸಾಲು ನೋಡುತ್ತಿದ್ದರು. "ಎಡಕ್ಕೆ, ಎಡಕ್ಕೆ. ಹಾಂ. ಡೊಂಕಾಯಿತು, ತೆಗೆದು ನೆಡು." ಬ್ಲಾಕಿನವರು ಕೊಟ್ಟ ಬೆಂಡೆ, ಅಲಸಂಡೆ, ಮೂಲಂಗಿ, ಹರಿವೆ ಎಲ್ಲ ಬಿತ್ತಿ ಆಯಿತು. ಕೆರೆಯಿಂದ ಬೆಳಿಗ್ಗೆ ಸಂಜೆ ಕೊಡಪಾನದಲ್ಲಿ ನೀರು ತಂದು ಹೊಯ್ಯುವುದು ಅಮ್ಮ ಮತ್ತು ಕುಶಾಲಪ್ಪನ ಪಾಲು. ಶನಿವಾರ ಶಾಲು ಹೊದ್ದುಕೊಂಡು ಹೋಗಿ, "ನಾನು ಹೀಗೆ ಮಾಡಿದ್ದೇನೆ, ಹಾಗೆ ಮಾಡಿದ್ದೇನೆ" ಎಂದು ಹೇಳುವುದು ಅಪ್ಪನ ಪಾಲು.

ಸುಳ್ಳು ಹೇಳಬಾರದು, ತೋಟ ಬಂತು. ಗದ್ದೆಯ ಮಣ್ಣು ಹೊಸತು, ಗೊಬ್ಬರ ಹಳತು. ಬರದೆ ಏನು ಮಾಡೀತು? ದಾರಿಯಲ್ಲಿ ಹೋಗುವವರು ನಿಂತು ನೋಡುವ ಹಾಗೆ ಬಂತು.

ಆ ಹೊತ್ತಿಗೇ ಅಮ್ಮಣಿಯನ್ನು ಕರೆದುಕೊಂಡು ಬಂದದ್ದು. ಅಮ್ಮಣಿ ಕುಶಾಲಪ್ಪನ ತಂಗಿ. ಮಾಣಿ ಊರಿನ ಹತ್ತಿರ ಮದುವೆ ಮಾಡಿ ಕೊಟ್ಟದ್ದು. ಹೋದ ವರ್ಷ ಅವಳಿಗೆ ಆರು ತಿಂಗಳಲ್ಲೇ ಹೊಟ್ಟೆ ಇಳಿದು ಮಗು ಕೈಗೆ ಸಿಗಲಿಲ್ಲ. ಈ ಸಲ ಏಳಕ್ಕೆ ಬಿತ್ತು ಎಂದು ಬಯಕೆಯ ಸೀರೆ ಉಡಿಸಿ, ಐದು ಬಗೆಯ ತಿಂಡಿ ಬಡಿಸಿ, ತವರಿಗೆ ಕರೆದುಕೊಂಡು ಬಂದರು. ಬಸ್ಸಿನಿಂದ ಇಳಿದವಳ ಕೈಯ ಗಂಟನ್ನು ಕುಶಾಲಪ್ಪ ತಾನೇ ತೆಗೆದುಕೊಂಡ. ಮುಖ ಬೂದಿಯ ಬಣ್ಣ, ಕೈಯ ಬಳೆ ಮೊಣಕೈಯವರೆಗೆ ಜಾರುತ್ತಿತ್ತು, ಹೊಟ್ಟೆ ಮಾತ್ರ ಮುಂದೆ. ಪೇಟೆಯ ಆಸ್ಪತ್ರೆಯ ನರ್ಸಮ್ಮ ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿ, "ರಕ್ತವೇ ಇಲ್ಲವಲ್ಲ. ಸೊಪ್ಪು ತರಕಾರಿ ದಿನಾ ಕೊಡಿ. ಕಳೆದ ಸಲದ ಹಾಗೆ ಆಗಬಾರದು ಎಂದಿದ್ದರೆ ಬಾಯಿಗೆ ಹಸಿರು ಹೋಗಬೇಕು" ಎಂದು ಅಮ್ಮನಿಗೆ ಗಟ್ಟಿಯಾಗಿ ಹೇಳಿದ್ದಳು.

"ತರಕಾರಿಗೆ ನಮ್ಮಲ್ಲಿ ಎಂತ ಬರಗಾಲ!" ಎಂದು ಅಮ್ಮ ಅವತ್ತೇ ಬುಟ್ಟಿ ಹಿಡಿದು ಕೆಳಗಿನ ಗದ್ದೆಗೆ ಇಳಿದಳು.

ಬೇಲಿ ದಾಟಿ ಒಳಗೆ ಹೋಗುವ ತಡಮೆಯಲ್ಲಿ ಅಪ್ಪ ಅಡ್ಡ ನಿಂತರು. "ಕೊಯ್ಯಬಾರದು."

"ಎಂತ?"

"ಸಾಹೇಬರು ಬರುವುದುಂಟು. ಭಟ್ಟರು ಇವತ್ತು ಹೇಳಿದರು. ಬರುವ ವಾರ ಬಂದು ನೋಡಿ ಪ್ರೈಜು ಬರೆಯುವುದು. ಗಿಡದಲ್ಲಿ ಕಾಯಿ ತುಂಬಿರಬೇಕು. ರುಕ್ಮಯ್ಯನ ತೋಟದಲ್ಲಿ ಬೆಂಡೆ ಮೊಳಕೈಯುದ್ದ ಉಂಟಂತೆ."

"ಒಂದು ವಾರವಲ್ಲವಾ?" ಎಂದು ಅಮ್ಮಣಿಯೇ ಅಮ್ಮನನ್ನು ಸಮಾಧಾನ ಮಾಡಿದಳು. "ಅಪ್ಪನಿಗೆ ಆಸೆ. ಇರಲಿ ಬಿಡು ಅಮ್ಮ."

ಇರಲಿ ಎಂದು ಬಿಡುವವರು ಆ ಮನೆಯಲ್ಲಿ ಇದ್ದದ್ದು ಅವಳೊಬ್ಬಳೇ. ಮರುದಿನ ಬೆಳಿಗ್ಗೆ ಒಂದು ಸಾಲಿನ ಅಲಸಂಡೆ ಬೋಳಾಗಿತ್ತು. ಅಮ್ಮ ಕೊಯ್ದಿದ್ದಳು. ಮತ್ತೊಂದು ದಿನ ಮೂಲಂಗಿ ಎರಡು ಕಾಣೆ. ಅದು ಕುಶಾಲಪ್ಪನ ಹೊಟ್ಟೆಗೆ ಹೋಗಿತ್ತು. ಹಸಿವಿಗೆ ತಿಂದದ್ದಲ್ಲ, ಹಟಕ್ಕೆ. ಅಪ್ಪ ಅಂಗಳದಲ್ಲಿ ನಿಂತು ಕುಣಿದರು. ಆಮೇಲೆ ತೆಂಗಿನ ಮರದಿಂದ ಎಳೆ ಗರಿ ತೆಗೆಸಿ, ಸ್ನಾನ ಮಾಡಿ, ಒದ್ದೆ ಬಟ್ಟೆಯಲ್ಲಿ ಕೆಳಗೆ ಹೋದರು.

ಹಲಸಿನ ಮರಕ್ಕೋ ಬಾಳೆಗೊನೆಗೋ ಎಳೆ ಗರಿ ಕಟ್ಟಿ, "ಇದು ಕಲ್ಲುರ್ಟಿಗೆ ಒಪ್ಪಿಸಿದ್ದು" ಎಂದು ದೈವದ ಹೆಸರು ಹೇಳಿಬಿಟ್ಟರೆ ಮುಗಿಯಿತು. ಎಂಥ ಕಳ್ಳನ ಕೈಯೂ ಅಲ್ಲಿಗೆ ಹೋಗುವುದಿಲ್ಲ. ಅದು ಊರಿನ ಕ್ರಮ. ಆದರೆ ಅದು ಕಳ್ಳರಿಗೆ ಕಟ್ಟುವುದು. ತನ್ನ ಹೆಂಡತಿ ಮಕ್ಕಳ ಬಾಯಿಗೆ ದೈವದ ಕಟ್ಟು ಕಟ್ಟಿದ ಗಂಡಸು ಈ ಸೀಮೆಯಲ್ಲಿ ತುಕ್ರಪ್ಪ ಗೌಡರೊಬ್ಬರೇ ಇರಬೇಕು. ತಡಮೆಗೆ ಗರಿ ಬಿಗಿದು, ಮನೆಯವರೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದರು: "ಅಮ್ಮಾ ಕಲ್ಲುರ್ಟೀ, ಸಾಹೇಬರು ಬಂದು ನೋಡಿ ಹೋಗುವ ತನಕ ಇದರ ಒಂದು ಎಲೆಯೂ ನನ್ನ ಮನೆಯವರ ಬಾಯಿಗೆ ಬೀಳಬಾರದು. ಬಿದ್ದರೆ ನೀನೇ ನೋಡಿಕೊಳ್ಳಬೇಕು."

ಅಜ್ಜಿ ಎದೆ ಮುಟ್ಟಿಕೊಂಡಳು. "ಎಂತ ಮಾಡಿದೆ ತುಕ್ರ! ದೈವವನ್ನು ಹಿಡಿದು ಸರಕಾರದ ಜೀಪಿಗೆ ಕಟ್ಟಿದೆಯಲ್ಲ!"

"ಒಂದು ವಾರ ಅಮ್ಮ. ಬರುವ ಬುಧವಾರ ಬರುತ್ತಾರೆ."

ಬುಧವಾರ ಸಾಹೇಬರು ಬರಲಿಲ್ಲ. ಮೀಟಿಂಗು ಇತ್ತಂತೆ. ಅದರ ಮುಂದಿನ ವಾರ ಜೀಪು ಕೆಟ್ಟಿತ್ತಂತೆ. ಆಮೇಲೆ ಮಂತ್ರಿಗಳು ಧರ್ಮಸ್ಥಳಕ್ಕೆ ಬರುವವರಿದ್ದರಂತೆ. ಪ್ರತಿ ಸಲವೂ ಅಪ್ಪ ಶನಿವಾರದ ಕ್ಲಾಸಿನಿಂದ ಹೊಸ ದಿನ ತರುತ್ತಿದ್ದರು, ಸಂತೆಯಿಂದ ಒಣಮೀನು ತಂದ ಹಾಗೆ. ಆ ಬುಧವಾರ, ಈ ಬುಧವಾರ ಎಂದು ಬೆಂಡೆ ಬಲಿತು ಕಟ್ಟಿಗೆಯಾಯಿತು. ಮೂಲಂಗಿ ಮಣ್ಣು ಸೀಳಿ ಮೇಲೆದ್ದು ಬೆಂಡಾಯಿತು. ಅಲಸಂಡೆ ತುದಿಯಲ್ಲಿ ಹೂ ಬಿಡುತ್ತ ಬುಡದಲ್ಲಿ ಒಣಗಿತು. ಮನೆಯೊಳಗೆ ಮೂರು ಹೊತ್ತೂ ಗಂಜಿ, ಹುರುಳಿ ಸಾರು, ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ.

"ಮತ್ತೆ ಹುರುಳಿಯಾ?" ಎಂದು ಅಜ್ಜಿ ಬಟ್ಟಲು ನೋಡಿದಳು. "ನಮ್ಮ ಎತ್ತುಗಳೂ ಇದನ್ನೇ ತಿನ್ನುವುದು. ಇನ್ನು ನನಗೂ ಮೂಗುದಾರ ಹಾಕಿ."

"ಮಗನ ಹತ್ತಿರ ಕೇಳಿ ಅತ್ತೆ. ಅವರು ಕ್ಲಾಸಿಗೆ ಹೋದವರು."

ಅಪ್ಪ ಗಂಜಿ ಉಣ್ಣುತ್ತ ಗಂಭೀರವಾಗಿ ಹೇಳಿದರು. "ನಿನ್ನೆಯ ಕ್ಲಾಸಿನಲ್ಲಿ ಅದೇ ಹೇಳಿದ್ದು. ಸೊಪ್ಪಿನಲ್ಲಿ ಕಬ್ಬಿಣ ಉಂಟಂತೆ. ಬಸುರಿಯರಿಗೆ, ಬಾಣಂತಿಯರಿಗೆ ದಿನಾ ಒಂದು ಹಿಡಿ ಸೊಪ್ಪು..."

ಸೌಟು ಅಮ್ಮನ ಕೈಯಿಂದ ಪಾತ್ರೆಗೆ ಬಿದ್ದ ಸದ್ದು ಹಿತ್ತಲಿಗೂ ಕೇಳಿಸಿತು. ಅಮ್ಮಣಿ ತಲೆ ತಗ್ಗಿಸಿ ಎರಡು ತುತ್ತು ನುಂಗಿದಳು. ಮೂರನೆಯದಕ್ಕೆ ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಓಡಿದಳು. ಹಿತ್ತಲಿನಲ್ಲಿ ವಾಂತಿ ಮಾಡುವ ಸದ್ದು. ಕುಶಾಲಪ್ಪ ಬಟ್ಟಲು ದೂಡಿ ಎದ್ದ.

"ಕಬ್ಬಿಣ ಉಂಟಂತೆ! ಹೇಳುವುದಕ್ಕೆ ನಾಚಿಕೆಯಾಗುವುದಿಲ್ಲವಾ ಅಪ್ಪ ನಿಮಗೆ? ಗದ್ದೆಯಲ್ಲಿ ಕಬ್ಬಿಣ, ಮನೆಯಲ್ಲಿ ಹುರುಳಿ!"

"ಬಾಯಿ ಮುಚ್ಚು. ಎಂಟನೆಯ ಕ್ಲಾಸಿನವನು ನನಗೆ ಬುದ್ಧಿ ಹೇಳಲು ಬರಬೇಡ."

"ಎಂಟಕ್ಕೇ ನಿಲ್ಲಿಸಿದ್ದು ಯಾರು?"

ಅಪ್ಪ ಕೈ ತೊಳೆಯಲು ಹೋದರು.

ಅಮ್ಮ ಹಿಂಬಾಗಿಲಿನ ದಾರಿ ಹಿಡಿದಳು. ಒಣಮೀನು ಮಾರಲು ಬರುವ ಜುಲೈಕಾಳ ಹತ್ತಿರ ಗುಟ್ಟಿನಲ್ಲಿ ಹೇಳಿ, ಅವಳ ಹಿತ್ತಲಿನ ಹರಿವೆ ಒಂದು ಕಟ್ಟು ತರಿಸಿದಳು. ಜುಲೈಕಾ ಮೀನಿನ ಬುಟ್ಟಿಯ ಅಡಿಯಲ್ಲಿ ಬಾಳೆ ಎಲೆ ಹಾಸಿ ಅದರಲ್ಲಿ ಸುತ್ತಿಕೊಂಡು ಬಂದಿದ್ದಳು.

"ನಿಮ್ಮ ಗದ್ದೆಯಲ್ಲಿ ಅಷ್ಟು ಉಂಟಲ್ಲ ಸೇಸಕ್ಕ," ಎಂದು ಅವಳು ಆಶ್ಚರ್ಯಪಟ್ಟಳು.

"ಅದು ನೋಡುವ ತೋಟ ಜುಲೈಕಾ. ತಿನ್ನುವ ತೋಟ ನಮ್ಮದಿಲ್ಲ."

ಅವತ್ತು ಅಮ್ಮಣಿ ಸ್ವಲ್ಪ ಅನ್ನ ಉಂಡಳು. ಆದರೆ ಅಪ್ಪನ ಮೂಗಿಗೆ ಹರಿವೆ ಪಲ್ಯದ ಒಗ್ಗರಣೆ ಬಿತ್ತು. "ಎಲ್ಲಿಂದ?" ಎಂದು ಒಳಗೆ ಬಂದರು. ಗೊತ್ತಾದ ಮೇಲೆ ಅವರು ಎಗರಾಡಿದ್ದು ಹೇಳಿ ಸುಖವಿಲ್ಲ. ಮಾದರಿ ತೋಟದ ಮನೆಗೆ ಹೊರಗಿನ ಸೊಪ್ಪು! ನಾಳೆ ಊರೆಲ್ಲ ಸುದ್ದಿ! ರುಕ್ಮಯ್ಯನಿಗೆ ತಿಳಿದರೆ ತಲೆ ಎತ್ತುವುದು ಹೇಗೆ! ಜುಲೈಕಾ ಇನ್ನು ಈ ಅಂಗಳ ಹತ್ತಬಾರದು! ಜುಲೈಕಾ ಹತ್ತಲಿಲ್ಲ. ಹಾಗೆ ಆ ಒಂದು ಕಟ್ಟು ಹರಿವೆಯೂ ನಿಂತಿತು.

ಕುಶಾಲಪ್ಪ ಒಂದು ಬೆಳಿಗ್ಗೆ ಎತ್ತುಗಳನ್ನು ಕಟ್ಟಿದಲ್ಲೇ ಬಿಟ್ಟು ಬಸ್ಸು ಹತ್ತಿದ. ಪೇಟೆಯ ಬ್ಲಾಕು ಆಫೀಸಿನಲ್ಲಿ ಒಬ್ಬ ಗುಮಾಸ್ತ ಮೇಜಿನ ಮೇಲೆ ಟೋಪಿ ಇಟ್ಟುಕೊಂಡು ಕೂತಿದ್ದ.

"ಸಾಹೇಬರು ಬೇಕಿತ್ತು."

"ಅವರಿಗೆ ವರ್ಗವಾಯಿತು."

"ವರ್ಗವಾ?"

"ಹೌದು. ಹೊಸಬರು ಬರಬೇಕು. ಬಂದು ಚಾರ್ಜು ತೆಗೆದುಕೊಂಡು ಟೂರು ಹಾಕಿದ ಮೇಲೆ ಬರುತ್ತಾರೆ."

ಕುಶಾಲಪ್ಪ ಮೇಜಿನ ಅಂಚು ಹಿಡಿದುಕೊಂಡ. "ಹಾಗಾದರೆ ನೀವೇ ಬನ್ನಿ."

"ನಾನು? ಎಲ್ಲಿಗೆ?"

"ನಮ್ಮ ತೋಟ ನೋಡಲಿಕ್ಕೆ. ಬಸ್ಸಿಗೆ ನಾನು ಕೊಡುತ್ತೇನೆ. ಬಂದು, ನೋಡಿ, ಹೋಗಬೇಕು. ಅಷ್ಟೇ ಕೆಲಸ. ಕುರ್ಚಿಯಲ್ಲಿ ಕೂರುವವರು ಯಾರಾದರೂ ಆಗುತ್ತದೆ."

ಗುಮಾಸ್ತ ಅವನನ್ನು ಕೆಳಗಿನಿಂದ ಮೇಲೆ ನೋಡಿ, ಒಳಗಿನವರನ್ನು ಕರೆದು, ಇದೇ ಮಾತನ್ನು ಮತ್ತೊಮ್ಮೆ ಹೇಳಿಸಿದ. ಎಲ್ಲರೂ ನಕ್ಕರು. ಕುಶಾಲಪ್ಪ ಆ ಟೋಪಿಯನ್ನು ಎತ್ತಿ ಕಿಟಕಿಯಿಂದ ಹೊರಗೆ ಎಸೆದು ಬಂದ. ಟೋಪಿ ಎಸೆದದ್ದರಿಂದ ಅಮ್ಮಣಿಯ ಬಾಯಿಗೆ ಒಂದು ಎಲೆ ಸೊಪ್ಪೂ ಬೀಳಲಿಲ್ಲ ಎಂದು ಅವನಿಗೆ ಗೊತ್ತಿತ್ತು.

ಕೊನೆಗೂ ಹೊಸ ಸಾಹೇಬರು ಬರುವ ದಿನ ಬಂತು. ಇದು ಗಟ್ಟಿ ಸುದ್ದಿ. ಭಟ್ಟರೇ ಸೈಕಲ್ಲಿನಲ್ಲಿ ಬಂದು ಹೇಳಿ ಹೋದರು. ಅಪ್ಪ ಶಾಲು ಹೊದ್ದು, ಕೆಂದಾಳಿ ತೆಂಗಿನ ಎಳನೀರು ಕೆತ್ತಿಸಿ, ರಸ್ತೆಯ ಬದಿಗೆ ಬೆಳಿಗ್ಗೆಯೇ ನಿಂತರು. ಮಧ್ಯಾಹ್ನ ಹೊರಳಿತು. ಎಳನೀರಿನ ಬಾಯಿಗೆ ನೊಣ ಕೂತಿತು. ಆಮೇಲೆ ಧೂಳು ಎಬ್ಬಿಸುತ್ತ ಜೀಪು ಬಂದು ನಿಂತಿತು. ಮುಂದಿನ ಸೀಟಿನಲ್ಲಿದ್ದ ದಪ್ಪ ಮನುಷ್ಯ ಇಳಿಯಲಿಲ್ಲ. ಹಿಂದೆ ಕೂತಿದ್ದ ಭಟ್ಟರು ಕೈ ತೋರಿಸಿದರು: "ಅಗೋ, ಅಲ್ಲಿ ಕೆಳಗೆ ಬೇಲಿ ಕಾಣುತ್ತದಲ್ಲ ಸಾರ್, ಅದು."

"ಹಾಂ, ಹಾಂ. ಬಹಳ ಸಂತೋಷ" ಎಂದರು ಸಾಹೇಬರು. ಜೀಪು ಹೋಯಿತು. ಅಪ್ಪ ಎರಡು ಕೈಯಲ್ಲಿ ಎಳನೀರು ಹಿಡಿದುಕೊಂಡು ಧೂಳಿನ ನಡುವೆ ನಿಂತೇ ಇದ್ದರು. ಕುಶಾಲಪ್ಪನಿಗೆ ನಗು ಬರಬೇಕಿತ್ತು. ಬರಲಿಲ್ಲ; ಅದಕ್ಕೂ ಸಿಟ್ಟು ಬಂತು.

"ಮುಗಿಯಿತಲ್ಲ?" ಎಂದು ಅಜ್ಜಿ ಜಗಲಿಯಿಂದಲೇ ಕೂಗಿದಳು. "ನೋಡಿದರು, ಹೋದರು. ಸೇಸೂ, ಬುಟ್ಟಿ ತೆಗೆದುಕೋ."

ಅಪ್ಪ ಮೆಟ್ಟಿಲಿನ ಮೇಲೆ ಕುಸಿದು ಕೂತರು. "ಇಲ್ಲ. ಆಗುವುದಿಲ್ಲ."

"ಇನ್ನೆಂತ ಆಗಬೇಕು?"

"ಬಂದು ನೋಡಿ ಹೋಗುವ ತನಕ ಎಂದು ಹೇಳಿದ್ದೇನೆ. ಅವರು ಬರಲಿಲ್ಲ. ನೋಡಿದ್ದು ಬೇಲಿಯನ್ನು. ಹೋದದ್ದು ಮಾತ್ರ ಸರಿ."

"ಹಾಗಾದರೆ ದೈವದ ಹತ್ತಿರ ಕೇಳುವ."

"ಬಾಯಿಬಿಟ್ಟು ಕೇಳಬೇಕಾದರೆ ನೇಮ ಆಗಬೇಕು, ದೈವ ಮೈಮೇಲೆ ಬಂದು ಮಾತಾಡಬೇಕು. ನಮ್ಮದು ಹೋದ ತಿಂಗಳು ಆಯಿತು. ಇನ್ನು ಬರುವ ವರ್ಷ."

"ಬರುವ ವರ್ಷಕ್ಕೆ ಹೆರಲು ಹೇಳಿ ನಿಮ್ಮ ಮಗಳಿಗೆ!" ಎಂದು ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಆ ಸಂಜೆ ಅವಳು ಒಲೆ ಹಚ್ಚಲಿಲ್ಲ. ಮದುವೆಯಾಗಿ ಬಂದ ಮೇಲೆ ಅದು ಮೊದಲ ಸಲ. ಅಜ್ಜಿ ಅವಲಕ್ಕಿಗೆ ನೀರು ಹಾಕಿ ಎಲ್ಲರಿಗೂ ಕೊಟ್ಟಳು.

ಮರುದಿನ ನೀರು ಸೇದುವಲ್ಲಿ ಅಮ್ಮಣಿ ಕಣ್ಣು ಕತ್ತಲೆ ಬಂದು ಕೂತುಬಿಟ್ಟಳು. ಕುಶಾಲಪ್ಪ ಓಡಿ ಹೋಗಿ ಹಿಡಿದ. ಅಂಗೈ ತಣ್ಣಗೆ, ಪಾದ ಬಾತುಕೊಂಡಿತ್ತು.

"ಅಣ್ಣ," ಎಂದಳು ಅಮ್ಮಣಿ, ಮೆಲ್ಲಗೆ, ಯಾರಿಗೂ ಕೇಳದ ಹಾಗೆ. "ನನಗೆ ಹೆದರಿಕೆಯಾಗುತ್ತದೆ. ಹೋದ ಸಲವೂ ಹೀಗೇ ಶುರುವಾದದ್ದು. ನನಗೆ ಆ ಹರಿವೆ ಕನಸಿನಲ್ಲೂ ಬರುತ್ತದೆ ಮಾರಾಯ. ನೀನಾದರೂ ಕೊಯ್ದು ಕೊಡು."

ಕುಶಾಲಪ್ಪ ಕತ್ತಿ ತೆಗೆದುಕೊಂಡು ಇಳಿದ. ಬೈಗುಳಗಳನ್ನೆಲ್ಲ ಹಲ್ಲಿನ ನಡುವೆ ಅರೆಯುತ್ತ ತಡಮೆಯವರೆಗೆ ಹೋದ. ಗರಿ ಒಣಗಿ ಹಳದಿಯಾಗಿ ಗಾಳಿಗೆ ಸರಸರ ಎನ್ನುತ್ತಿತ್ತು. ಒಂದು ಏಟು, ಅಷ್ಟೇ. ಅವನು ಕತ್ತಿ ಎತ್ತಿದ. ಕತ್ತಿ ಮೇಲೆಯೇ ನಿಂತಿತು. ಬಿದ್ದರೆ ನೀನೇ ನೋಡಿಕೊಳ್ಳಬೇಕು ಎಂದು ಅಪ್ಪ ಹೇಳಿದ್ದರು. ನೋಡಿಕೊಳ್ಳುವುದು ಯಾರನ್ನು? ತಿನ್ನುವವಳು ಅಮ್ಮಣಿ. ಅವನಿಗೆ ಸರಕಾರದ ಹೆದರಿಕೆ ಇರಲಿಲ್ಲ, ಅಪ್ಪನ ಹೆದರಿಕೆ ಇರಲಿಲ್ಲ. ಆ ಒಣ ಗರಿಯ ಮುಂದೆ ಎತ್ತಿದ ಕತ್ತಿಯನ್ನು ಇಳಿಸಿದ.

"ಯಾಕೆ ನಿಂತೆ? ಕಡಿ" ಎಂಬ ಮಾತು ಹಿಂದಿನಿಂದ ಬಂತು. ಅಪ್ಪ ದಂಡೆಯ ಮೇಲೆ ಕೂತಿದ್ದರು. ಮೈಮೇಲೆ ಶಾಲೂ ಇಲ್ಲ, ಅಂಗಿಯೂ ಇಲ್ಲ.

"ನಿಮಗೆ ನಿಮ್ಮ ಪ್ರೈಜೇ ದೊಡ್ಡದು!" ಕುಶಾಲಪ್ಪ ತಿರುಗಿ ಕಿರುಚಿದ. "ಅವಳು ಅಲ್ಲಿ ಬಿದ್ದಿದ್ದಾಳೆ, ನಿಮಗೆ ಇಲ್ಲಿ ಸಾಲು, ಅಂತರ, ರುಕ್ಮಯ್ಯ!"

"ಪ್ರೈಜು ರುಕ್ಮಯ್ಯನಿಗೆ ಬರೆದು ಆಯಿತು. ಅವನ ತೋಟ ರಸ್ತೆಯ ಬದಿಗೇ ಇರುವುದಲ್ಲ. ಜೀಪಿನಿಂದ ಸರಿಯಾಗಿ ಕಾಣುತ್ತದೆ." ಅಪ್ಪನ ಸ್ವರದಲ್ಲಿ ಏನೂ ಇರಲಿಲ್ಲ. "ಪ್ರೈಜಿಗೆ ಬೆಂಕಿ ಬೀಳಲಿ. ಈಗ ಮುರಿದರೆ ಪೆಟ್ಟು ಯಾರಿಗೆ ಬೀಳುತ್ತದೆ ಹೇಳು. ನನಗೆ ಬಿದ್ದರೆ ಬೀಳಲಿ. ಹೊಟ್ಟೆಯಲ್ಲಿ ಇರುವುದಕ್ಕೆ ಬಿದ್ದರೆ? ಹೋದ ವರ್ಷದ್ದನ್ನು ಬಟ್ಟೆಯಲ್ಲಿ ಸುತ್ತಿ ಕೊಂಡುಹೋಗಿ ಹೂತವನು ನಾನು. ನೀನಲ್ಲ."

ಕುಶಾಲಪ್ಪನ ಬಾಯಿಗೆ ಬಂದದ್ದು ಅಷ್ಟು ದಿನ ಹೇಳಬೇಕೆಂದಿದ್ದ ನೂರು ಮಾತುಗಳಲ್ಲಿ ಒಂದೂ ಅಲ್ಲ. "ಕಟ್ಟಿದ್ದು ನಿಮ್ಮ ಕೈ ಅಪ್ಪ," ಎಂದ. "ನನ್ನ ಕೈಯಿಂದ ಆಗುವುದಿಲ್ಲ. ಅಮ್ಮನ ಕೈಯಿಂದಲೂ ಆಗುವುದಿಲ್ಲ. ಹಸಿವಿನಿಂದ ಹೋದರೂ ಅಮ್ಮಣಿ ಹೋಗುತ್ತಾಳೆ, ದೈವದ ಕೋಪದಿಂದ ಹೋದರೂ ಅವಳೇ ಹೋಗುತ್ತಾಳೆ. ನೀವೇ ಯಾವುದಾದರೂ ಒಂದು ಮಾಡಿ."

ಅಪ್ಪ ಎದ್ದು ಕೆರೆಗೆ ಇಳಿದು ಮೂರು ಮುಳುಗು ಹಾಕಿದರು. ಒದ್ದೆ ಬಟ್ಟೆಯಲ್ಲೇ ಬಂದು ತಡಮೆಯ ಎದುರು ನಿಂತು ಕೈ ಮುಗಿದರು. ಅಷ್ಟರಲ್ಲಿ ಅಮ್ಮ ಅಂಗಳದ ಅಂಚಿಗೆ ಬಂದಿದ್ದಳು. ಅಮ್ಮಣಿ ಅಜ್ಜಿಯ ಹೆಗಲು ಹಿಡಿದು ನಿಂತಿದ್ದಳು.

"ಅಮ್ಮಾ ಕಲ್ಲುರ್ಟೀ," ಎಂದರು ಅಪ್ಪ. ಕಟ್ಟುವಾಗ ಇದ್ದ ಗಟ್ಟಿ ಸ್ವರ ಈಗ ಇರಲಿಲ್ಲ. "ಕಟ್ಟಿದವನು ನಾನು, ಬಿಚ್ಚುವವನೂ ನಾನು. ಸಾಹೇಬರು ಬರುವ ಜಾತಿಯವರಲ್ಲ ಎಂದು ನನಗೆ ಗೊತ್ತಿರಲಿಲ್ಲ. ಸಿಟ್ಟು ಬಂದರೆ ನನ್ನ ತಲೆಯ ಮೇಲೆ ಬರಲಿ. ಹುಟ್ಟದೆ ಇರುವುದಕ್ಕೆ ಇದೆಲ್ಲ ಏನು ಗೊತ್ತು? ನೇಮದಲ್ಲಿ ನಿನ್ನ ಎದುರು ನಿಂತು ತಪ್ಪು ಒಪ್ಪುತ್ತೇನೆ. ಅಲ್ಲಿಯವರೆಗೆ ಈ ತೋಟದ್ದು ನನ್ನ ನಾಲಗೆಗೆ ತಾಗುವುದಿಲ್ಲ."

ಗಂಟು ಬಿಗಿಯಾಗಿತ್ತು. ಉಗುರಿನಲ್ಲಿ, ಹಲ್ಲಿನಲ್ಲಿ ಬಿಡಿಸಿ, ಗರಿಯನ್ನು ಹಣೆಗೆ ಒತ್ತಿ ಕೆಳಗಿಟ್ಟು ಒಳಗೆ ನುಗ್ಗಿದರು. ಎಳೆಯದು ಉಳಿದದ್ದು ಹರಿವೆಯ ತುದಿ, ಅಲಸಂಡೆಯ ಮೇಲಿನ ಬಳ್ಳಿ, ಇಷ್ಟೆ. ಅಪ್ಪ ಅಲಸಂಡೆಗೆ ಕೈ ಹಾಕಿ ಒಂದು ಎಳೆತ ಎಳೆದರು. ಕಾಯಿಯ ಜೊತೆ ಬಳ್ಳಿ, ಬಳ್ಳಿಯ ಜೊತೆ ಕೋಲು, ಕೋಲಿನ ಜೊತೆ ಬುಡದ ಮಣ್ಣು ಎಲ್ಲ ಕೈಗೆ ಬಂತು.

"ಅಯ್ಯೋ, ಬಳ್ಳಿ ಎಳೆಯಬೇಡಿ ಮಾರಾಯ್ರೇ!" ಅಮ್ಮ ಬುಟ್ಟಿ ಹಿಡಿದುಕೊಂಡು ದಡಬಡ ಇಳಿದಳು. "ಕಾಯಿ ಮಾತ್ರ! ತೊಟ್ಟಿನ ಹತ್ತಿರ ಉಗುರು ಹಾಕಿ! ಇಷ್ಟು ಶನಿವಾರ ಅಲ್ಲಿ ಎಂತ ಕಲಿತದ್ದು ನೀವು?"

ಅಪ್ಪ ಬುಡ ಕಿತ್ತ ಬಳ್ಳಿಯನ್ನು ಹಿಡಿದುಕೊಂಡು ಪೆದ್ದನ ಹಾಗೆ ನಿಂತರು. "ನೆಡುವುದು ಹೇಳಿದರು," ಎಂದರು. "ನೀರು, ಗೊಬ್ಬರ, ಎಲ್ಲ ಹೇಳಿದರು. ಕೊಯ್ಯುವುದು ಹೇಳಿಕೊಡಲಿಲ್ಲ."

"ಸರಿಯಿರಿ ಆಚೆ" ಎಂದು ಅಮ್ಮ ಅವರನ್ನು ಮೊಣಕೈಯಲ್ಲಿ ದೂಡಿದಳು. ಕುಶಾಲಪ್ಪ ಕತ್ತಿಯನ್ನು ಬೇಲಿಗೆ ಸಿಕ್ಕಿಸಿ ಹರಿವೆಯ ತುದಿ ಚಿವುಟತೊಡಗಿದ.

ಮಧ್ಯಾಹ್ನ ಅನ್ನ, ಅಲಸಂಡೆ ಹುಳಿ, ಹರಿವೆ ಪಲ್ಯ. ಅಪ್ಪನ ಬಟ್ಟಲಿಗೆ ಅಮ್ಮ ಗಂಜಿ ಸುರಿದು ಬದಿಗೆ ಉಪ್ಪಿನ ಮಾವಿನಕಾಯಿ ಇಟ್ಟಳು. ಅಪ್ಪ ತಲೆ ಎತ್ತದೆ ಉಂಡರು. ಇನ್ನು ಬರುವ ವರ್ಷದ ನೇಮದವರೆಗೆ ಇದೇ ರಾಗ, ದಿನಾ ಒಲೆಯ ಮೇಲೆ ಎರಡು ಅಡಿಗೆ, ಅಮ್ಮನಿಗೆ ಎರಡು ಪಟ್ಟು ಕೆಲಸ. ಕುಶಾಲಪ್ಪನಿಗೆ ಮೈಯೆಲ್ಲ ಉರಿಯಿತು. ತಪ್ಪು ಮಾಡುವುದೂ ಇವರೇ, ಅದಕ್ಕೆ ವ್ರತ ಹಿಡಿಯುವುದೂ ಇವರೇ, ಬಡಿಸಿ ಬಡಿಸಿ ಸಾಯುವುದು ಮತ್ತೊಬ್ಬರು! ಈಗ ಹೇಳಿಯೇ ಬಿಡುತ್ತೇನೆ ಎಂದು ಅವನು ಬಾಯಿ ತೆರೆದ.

ಎದುರಿನಿಂದ ಒಂದು ಕೈ ಮುಂದೆ ಬಂತು. ಬಳೆ ಜಾರುವ ಕೈ. ಖಾಲಿ ಬಟ್ಟಲು.

"ಅಮ್ಮ, ಪಲ್ಯ ಇನ್ನೂ ಉಂಟಾ?" ಎಂದಳು ಅಮ್ಮಣಿ.